ವಿಡಂಬನ ಕಥನದಲ್ಲಿ ರಾಜತಾಂತ್ರಿಕರ ದಿನಚರಿ

ಕಡತ, ತಂತಿ ಸಂದೇಶ, ಔತಣಕೂಟ, ಮೇಲಧಿಕಾರಿಯ ಮರ್ಜಿ: ರಾಯಭಾರ ಕಚೇರಿಯ ಈ ದಿನನಿತ್ಯದ ಬದುಕನ್ನು ನಗೆಯ ವಸ್ತುವಾಗಿಸಿದ ಕಥನ ಪರಂಪರೆ 20ನೇ ಶತಮಾನದ ಯುರೋಪಿನಲ್ಲಿ ಗಟ್ಟಿಯಾಯಿತು. ಅದರ ಉತ್ತಮ ಕೃತಿಗಳಲ್ಲಿ ಹೆಚ್ಚಿನವನ್ನು ಬರೆದವರು ಅಂಥದೇ ಕುರ್ಚಿಯಲ್ಲಿ ಕೂತು ಎದ್ದವರು.

ಇವ್ಲಿನ್ ವಾ ಮಾತ್ರ ಹೊರಗಿನವರು. 1930ರಲ್ಲಿ ಹೈಲೆ ಸೆಲಾಸಿಯ ಪಟ್ಟಾಭಿಷೇಕದ ವರದಿಗೆಂದು ಆಡಿಸ್ ಅಬಾಬಕ್ಕೆ ಹೋಗಿದ್ದ ಅವರು 1932ರ ‘ಬ್ಲ್ಯಾಕ್ ಮಿಸ್ಚಿಫ್’ ಕಾದಂಬರಿಯಲ್ಲಿ ಅಜಾನಿಯಾ ಎಂಬ ದೇಶವನ್ನು ಕಲ್ಪಿಸಿದರು. ಅಲ್ಲಿನ ಬ್ರಿಟಿಷ್ ಪ್ರತಿನಿಧಿ ಸ್ನಾನದ ತೊಟ್ಟಿಯಲ್ಲಿ ರಬ್ಬರ್ ಹಾವಿನೊಂದಿಗೆ ಆಡುತ್ತಾನೆ. ಫ್ರೆಂಚ್ ಪ್ರತಿನಿಧಿ ಅವನಲ್ಲಿ ಸಂಚುಗಾರನನ್ನು ಕಾಣುತ್ತಾನೆ. ಆಫ್ರಿಕನ್ನರ ಬಗ್ಗೆ ಕಾದಂಬರಿಯ ಧೋರಣೆ ಇಂದು ಕಸಿವಿಸಿ ಹುಟ್ಟಿಸುತ್ತದೆ.

ಜಲಂಧರದಲ್ಲಿ ಹುಟ್ಟಿದ ಲಾರೆನ್ಸ್ ಡರೆಲ್ 1949ರಿಂದ 1952ರವರೆಗೆ ಬೆಲ್‌ಗ್ರೇಡ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದರು. ‘ಎಸ್ಪ್ರಿ ದ ಕೋರ್’ (1957) ಸಂಕಲನದ ಕಥೆಗಳನ್ನು ಆಂಟ್ರೋಬಸ್ ಎಂಬ ಹಳೆಯ ಅಧಿಕಾರಿ ಹೇಳುತ್ತಾನೆ. ಒಂದರಲ್ಲಿ ಇಬ್ಬರು ವಯಸ್ಸಾದ ಅಕ್ಕತಂಗಿಯರು ಇಂಗ್ಲಿಷ್ ಪತ್ರಿಕೆ ನಡೆಸುತ್ತಾರೆ. ಮೊಳೆ ಜೋಡಿಸುವವರಿಗೆ ಇಂಗ್ಲಿಷ್ ಬಾರದು. ಒಂದಕ್ಷರ ಬಿಟ್ಟುಹೋದರೂ ಗಂಭೀರ ಸುದ್ದಿ ಅಶ್ಲೀಲವಾಗುತ್ತದೆ. ದೇಶದ ಮಾನ ಒಂದು ಅಚ್ಚಿನ ಮೊಳೆಯ ಮೇಲೆ ನಿಂತಿದೆ ಎಂಬ ಅಧಿಕಾರಿಗಳ ಆತಂಕವನ್ನು ಡರೆಲ್‌ರಷ್ಟು ಚೆನ್ನಾಗಿ ಹಿಡಿದವರು ಕಡಿಮೆ.

ವಿಶ್ವಸಂಸ್ಥೆಯಲ್ಲಿ ದುಡಿದಿದ್ದ ಶರ್ಲಿ ಹಜಾರ್ಡ್ 1967ರಲ್ಲಿ ‘ಪೀಪಲ್ ಇನ್ ಗ್ಲಾಸ್ ಹೌಸಸ್’ ಪ್ರಕಟಿಸಿದರು. ಮರುವರ್ಷ ಬಂದ ಆಲ್ಬೆರ್ ಕೊಹೆನ್ ಅವರ ‘ಬೆಲ್ ದು ಸೆನ್ಯೂರ್’ ಪ್ರೇಮ ಕಾದಂಬರಿಯೆಂದೇ ಹೆಸರಾಗಿದ್ದರೂ ಕಚೇರಿ ಬದುಕಿನ ಅತಿ ಸೂಕ್ಷ್ಮ ಚಿತ್ರ ಇರುವುದು ಇಲ್ಲಿಯೇ. ಜಿನೀವಾದ ರಾಷ್ಟ್ರಸಂಘದ ನೌಕರ ಆದ್ರಿಯಾಂ ದ್ಯೂಮ್ ಮೇಜಿನ ಮೇಲಿನ ಸಾಮಾನುಗಳೊಂದಿಗೆ ಆಡುತ್ತಾನೆ, ಸಿಗುವ ರಜೆಯ ಲೆಕ್ಕ ಹಾಕುತ್ತಾನೆ; ಎದುರಿನ ಬ್ರಿಟಿಷ್ ಜ್ಞಾಪನಪತ್ರ ಹಾಗೇ ಬಿದ್ದಿರುತ್ತದೆ. ಬಡ್ತಿಯದೇ ಅವನಿಗೆ ಧ್ಯಾನ. ಕಥೆಯ ಕಾಲಕ್ಕೆ ಹಿಟ್ಲರ್ ಅಧಿಕಾರದಲ್ಲಿದ್ದ. ಯಹೂದಿಯಾಗಿದ್ದ ಕೊಹೆನ್ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಮುಟ್ಟದೆ ಬಿಟ್ಟ ಕಡತದ ಬೆಲೆ ಏನೆಂದು ಅವರಿಗೆ ಗೊತ್ತಿತ್ತು. ಇಲ್ಲಿ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಫ್ರಾನ್ಸಿನ ವಿದೇಶಾಂಗ ಮಂತ್ರಿ ದೊಮಿನಿಕ್ ದ ವಿಲ್‌ಪ್ಯಾಂ ಅವರಿಗೆ ಭಾಷಣ ಬರೆಯುತ್ತಿದ್ದ ಆಂತೊನ್ಯಾಂ ಬೋದ್ರಿ, ಅಬೆಲ್ ಲಾಂಜಾಕ್ ಎಂಬ ಹೆಸರಿನಲ್ಲಿ, ಕಲಾವಿದ ಕ್ರಿಸ್ತೋಫ್ ಬ್ಲ್ಯಾಂ ಜೊತೆಗೂಡಿ ‘ಕೇ ದೋರ್ಸೆ’ ಚಿತ್ರಕಥೆಯನ್ನು 2010 ಮತ್ತು 2011ರಲ್ಲಿ ಎರಡು ಸಂಪುಟಗಳಾಗಿ ತಂದರು. ಮಂತ್ರಿ ಒಳಬಂದರೆ ಕಾಗದಗಳು ಹಾರುತ್ತವೆ, ಒಂದೇ ಭಾಷಣವನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಅವನ ಕಚೇರಿಯ ಮುಖ್ಯಸ್ಥ ಮಾತ್ರ ತಣ್ಣಗೆ ಕೂತು ಒಂದೊಂದೇ ಬಿಕ್ಕಟ್ಟನ್ನು ಬಿಡಿಸುತ್ತಾನೆ. ಕೆಲಸ ಬಲ್ಲವನ ಮೇಲಿನ ಈ ಗೌರವ ಹಿಂದಿನ ವಿಡಂಬನೆಗಳಲ್ಲಿ ಅಪರೂಪ. ಬರ್ತ್ರಾಂ ತವೆರ್ನಿಯೆ 2013ರಲ್ಲಿ ಇದನ್ನು ಚಲನಚಿತ್ರ ಮಾಡಿದರು.