ವೈರಾಣುವಿನ ವೈರಿ

ಕನ್ನಡಕ್ಕೆ ಬಂದ ವಿಜ್ಞಾನದ ಪದಗಳಲ್ಲಿ ‘ವೈರಾಣು’ವಿನಷ್ಟು ಸಲೀಸಾಗಿ ನಾಲಿಗೆಗೆ ಒಗ್ಗಿದ್ದು ಕಡಿಮೆ. ‘ವೈರಸ್’ನ ಸದ್ದನ್ನು ಹಾಗೇ ಉಳಿಸಿ, ಅದರೊಳಗೆ ನಮ್ಮ ‘ವೈರ’ವನ್ನೂ ‘ಅಣು’ವನ್ನೂ ಕೂರಿಸಿದವರಿಗೆ ಒಳ್ಳೆಯ ಕಿವಿಯಿತ್ತು. ಮಾತಿನಲ್ಲಿ ‘ವೈರಲ್ ಫೀವರ್ ಅಂತೆ’, ‘ಪೆನ್‌ಡ್ರೈವ್‌ಗೆ ವೈರಸ್ ಬಂದಿದೆ’, ‘ವಿಡಿಯೊ ವೈರಲ್ ಆಯ್ತು’ ಎನ್ನುತ್ತೇವೆ, ನಿಜ. ಪಠ್ಯಪುಸ್ತಕಕ್ಕೆ, ಪತ್ರಿಕೆಗೆ ಬಂದಾಗ ಅದೇ ವೈರಾಣುವಾಗುತ್ತದೆ. ಪದ ಕಿವಿಗೆ ಬಿದ್ದ ಕೂಡಲೇ ಎರಡು ಸಂಗತಿ ಒಟ್ಟಿಗೆ ತಿಳಿದುಬಿಡುತ್ತವೆ: ಅದು ತೀರ ಸಣ್ಣದು, ಅದು ಹಗೆ. ಈ ಎರಡು ನಂಬಿಕೆಗಳನ್ನೂ ಅಲುಗಿಸಿದ್ದು ಅಮೀಬಾ ಮತ್ತು ಪಾಚಿಗಳನ್ನು ಹಿಡಿಯುವ ದೈತ್ಯ ವೈರಾಣುಗಳು.

ಅಣುವಿನ ಕಥೆ ಸೋಸುಕದಿಂದ ಶುರು. ಕಳೆಗುಂದಿ ಮಚ್ಚೆಗಟ್ಟಿದ ಹೊಗೆಸೊಪ್ಪಿನ ರಸವನ್ನು 1892ರಲ್ಲಿ ರಷ್ಯಾದ ದ್ಮಿತ್ರಿ ಇವಾನೊವ್‌ಸ್ಕಿ, 1898ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಯರಿಂಕ್ ಪಿಂಗಾಣಿಯ ಸೋಸುಕದಲ್ಲಿ ಸೋಸಿದರು. ಬ್ಯಾಕ್ಟೀರಿಯಾ ಮೇಲೇ ಉಳಿಯುವಷ್ಟು ಸಣ್ಣ ರಂಧ್ರಗಳು. ಆದರೂ ಕೆಳಗಿಳಿದ ತಿಳಿ ರಸ ಹೊಸ ಗಿಡಕ್ಕೆ ರೋಗ ತಂದಿತು. ಅಲ್ಲಿಂದ ಮುಂದೆ ಸೋಸುಕ ದಾಟುವುದೇ ವೈರಸ್ಸಿನ ಗುರುತಾಯಿತು. ವೈರಸ್ ಹುಡುಕುವವರು ಮೊದಲು ಸೋಸುವರು, ಇಳಿದದ್ದನ್ನು ಇಟ್ಟುಕೊಳ್ಳುವರು, ಉಳಿದದ್ದನ್ನು ಚೆಲ್ಲುವರು. ದೈತ್ಯ ವೈರಾಣುಗಳು ಎಷ್ಟೋ ವರ್ಷ ಹೀಗೆ ಚೆಲ್ಲಿಹೋದವು.

1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನ್ಯುಮೋನಿಯಾ ಹರಡಿತ್ತು. ಕಾರಣ ಹುಡುಕುತ್ತಿದ್ದ ಟಿಮೊಥಿ ರೌಬಾಥಮ್ ಕೂಲಿಂಗ್ ಟವರ್‌ನ ನೀರನ್ನು ಅಮೀಬಾಗಳಿಗೆ ಬೆರೆಸಿ ನೋಡಿದರು. ಆ ಕಾಯಿಲೆ ತರುವ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಅಮೀಬಾದೊಳಗೆ ಬೆಳೆಯುತ್ತದೆಂದು ಅವರಿಗೆ ಗೊತ್ತಿತ್ತು. ಸಿಕ್ಕಿದ್ದು ಬೇರೆಯದೇ. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ‘ಗ್ರಾಂ’ ಬಣ್ಣ ಹಾಕಿದ ಗಾಜಿನ ಮೇಲೆ, ಮಾಮೂಲಿ ಸೂಕ್ಷ್ಮದರ್ಶಕದಲ್ಲೇ, ಅಮೀಬಾದ ಹೊಟ್ಟೆಯೊಳಗೆ ನೇರಳೆ ಬಣ್ಣದ ಗುಂಡುಗುಂಡು ಚುಕ್ಕೆಗಳು. ಬಣ್ಣ ಹೀರಿದೆ, ಗುಂಡಗಿದೆ, ಕಣ್ಣಿಗೆ ಕಾಣುತ್ತಿದೆ, ಅಂದಮೇಲೆ ಬ್ಯಾಕ್ಟೀರಿಯಾವೇ ಇರಬೇಕು. ‘ಬ್ರಾಡ್‌ಫರ್ಡ್‌ಕೋಕಸ್’ ಎಂಬ ಹೆಸರೂ ಬಿತ್ತು. ಆದರೆ ಬ್ಯಾಕ್ಟೀರಿಯಾದಲ್ಲಿ ಇರಲೇಬೇಕಾದ ಜೀನ್ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಫ್ರಾನ್ಸಿನ ಮಾರ್ಸೇಯ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದು 20 ಮುಖಗಳ ಚಿಪ್ಪು, ಅದರ ಸುತ್ತ ದಟ್ಟ ನಾರು. ವೈರಾಣುವಿನ ಚಿಪ್ಪೇ ಅದು. 2003ರಲ್ಲಿ ಬರ್ನಾರ್ ಲಾ ಸ್ಕೋಲಾ, ದಿದಿಯೆ ರವುಲ್ ಮತ್ತು ಸಂಗಡಿಗರು ಅದನ್ನು ‘ಮಿಮಿವೈರಸ್’ ಎಂದು ಜಗತ್ತಿಗೆ ತಿಳಿಸಿದರು. ಸೂಕ್ಷ್ಮಜೀವಿಯನ್ನು ಅನುಕರಿಸುವ ವೈರಸ್ ಎಂಬುದು ಆ ಹೆಸರಿನ ಭಾವ.

ನಾರನ್ನೂ ಸೇರಿಸಿದರೆ ಅದರ ಅಡ್ಡಳತೆ ಸುಮಾರು 750 ನ್ಯಾನೊಮೀಟರ್. ಏಡ್ಸ್ ತರುವ ಎಚ್‌ಐವಿಗೆ ಜೀನ್‌ಗಳು 9. ಇದಕ್ಕೆ 900ಕ್ಕೂ ಮೇಲೆ. ಈ ದೊಡ್ಡ ಮೈಯೇ ಅದಕ್ಕೆ ಅಮೀಬಾದೊಳಗೆ ಹೋಗುವ ದಾರಿ. ಅಮೀಬಾ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಆ ಗಾತ್ರದ್ದು ತಾಗಿದರೆ ನುಂಗುತ್ತದೆ. ತುತ್ತೆಂದು ನುಂಗಿದ್ದೇ ಅದಕ್ಕೆ ಮೃತ್ಯು. ಆಮೇಲೆ ಇನ್ನೂ ದೊಡ್ಡವು ಸಿಕ್ಕವು. ನಮ್ಮ ಮುಂಬೈಯ ನೀರಿನಲ್ಲೂ ದೈತ್ಯ ವೈರಾಣುಗಳು ಧಾರಾಳವಾಗಿವೆ. ಅಲ್ಲಿನ ಐಐಟಿಯ ಸಂಶೋಧಕರು ಪತ್ತೆಹಚ್ಚಿದವುಗಳಲ್ಲಿ ಒಂದು ‘ಕುರ್ಲಾವೈರಸ್’, ಇನ್ನೊಂದು ‘ಬಾಂದ್ರಾ ಮೆಗಾವೈರಸ್’. ಲೋಕಲ್ ರೈಲಿನ ನಿಲ್ದಾಣಗಳ ಹೆಸರುಗಳು ಜೀವವಿಜ್ಞಾನದ ಪಟ್ಟಿ ಸೇರಿದ್ದನ್ನು ಕಂಡು ನನಗೆ ಖುಷಿಯಾಯಿತು.

ಇನ್ನು ‘ವೈರ’. 2008ರಲ್ಲಿ ಅದೇ ಮಾರ್ಸೇಯ ತಂಡ ಪ್ಯಾರಿಸ್ಸಿನ ಕೂಲಿಂಗ್ ಟವರ್ ಒಂದರ ನೀರಿನಲ್ಲಿ ಮಿಮಿವೈರಸ್ಸಿನ ದಾಯಾದಿ ‘ಮಾಮಾವೈರಸ್’ನ ಜೊತೆಗೆ 50 ನ್ಯಾನೊಮೀಟರಿನ ಪುಟ್ಟ ವೈರಾಣುವೊಂದನ್ನು ಕಂಡಿತು. ಜೀನ್ 21. ಹೆಸರು ‘ಸ್ಪುಟ್ನಿಕ್’, ರಷ್ಯನ್ನಿನಲ್ಲಿ ಸಹಪ್ರಯಾಣಿಕ. ಬರೀ ಅಮೀಬಾ ಸಿಕ್ಕರೆ ಅದು ಬೆಳೆಯಲಾರದು. ದೈತ್ಯ ವೈರಾಣು ಅಮೀಬಾದೊಳಗೆ ತನ್ನ ಮರಿಗಳಿಗಾಗಿ ಕಾರ್ಖಾನೆ ಹೂಡುತ್ತದಲ್ಲ, ಅಲ್ಲಿ ಸೇರಿಕೊಂಡು ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ಮದುವೆ ಮನೆಯವರು ಹೂಡಿದ ಒಲೆಯ ಮೇಲೆ ಕರೆಯದೆ ಬಂದವನು ತನ್ನ ಪಾತ್ರೆ ಏರಿಸಿದ ಹಾಗೆ. ದೈತ್ಯನ ಮರಿಗಳು ಸೊಟ್ಟಗೆ ಹುಟ್ಟುತ್ತವೆ, ಚಿಪ್ಪು ಒಂದು ಕಡೆ ದಪ್ಪಗಟ್ಟುತ್ತದೆ. ಸೋಂಕು ತಗುಲಿಸಬಲ್ಲ ಮರಿಗಳ ಸಂಖ್ಯೆ ಸುಮಾರು ಶೇಕಡಾ 70ರಷ್ಟು ಇಳಿಯುತ್ತದೆ. ಅಷ್ಟರ ಮಟ್ಟಿಗೆ ಬದುಕಿ ಉಳಿಯುವ ಅಮೀಬಾಗಳು ಹೆಚ್ಚುತ್ತವೆ. ಸೇರಿಗೆ ಸವ್ವಾಸೇರು! 2011ರಲ್ಲಿ ಅಂಟಾರ್ಕ್ಟಿಕಾದ ಆರ್ಗ್ಯಾನಿಕ್ ಲೇಕ್ ಎಂಬ ಉಪ್ಪುನೀರಿನ ಕೆರೆಯಲ್ಲೂ ಇಂಥದೊಂದು ಸಿಕ್ಕಿತು. ಅಲ್ಲಿ ಬಲಿಯಾಗುವುದು ಪಾಚಿ. ಪಾಚಿಯನ್ನು ಕೊಲ್ಲುವ ವೈರಾಣುವನ್ನು ಪುಟ್ಟದು ತಡೆದಷ್ಟೂ ಕೆರೆ ಹಸಿರಾಗುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ‘ಮಾವೈರಸ್’. ಕಡಲಿನಲ್ಲಿ ‘ಕೆಫೆಟೇರಿಯಾ’ ಎಂಬ ಏಕಕೋಶ ಜೀವಿಯಿದೆ. ಮಾವೈರಸ್ ಅದರ ಡಿಎನ್‌ಎಯೊಳಗೇ ತನ್ನ ಜೀನ್‌ಗಳನ್ನು ಹೊಲಿದುಕೊಂಡು ಸುಮ್ಮನಿರಬಲ್ಲದು. ದೈತ್ಯ ವೈರಾಣು ದಾಳಿಯಿಟ್ಟಾಗ ಎಚ್ಚೆತ್ತುಕೊಳ್ಳುತ್ತದೆ. ಆ ಕೋಶ ಉಳಿಯುವುದಿಲ್ಲ. ಅದು ಒಡೆದಾಗ ಹೊರಬಂದ ಮಾವೈರಸ್‌ಗಳು ಸುತ್ತಲಿನ ಕೋಶಗಳಲ್ಲಿ ದೈತ್ಯನ ಹಾದಿ ಕಟ್ಟುತ್ತವೆ. ಇದನ್ನು 2016ರಲ್ಲಿ ಮಥಿಯಾಸ್ ಫಿಷರ್ ಮತ್ತು ಥಾಮಸ್ ಹ್ಯಾಕ್ಲ್ ತೋರಿಸಿದರು. ಇಲ್ಲಿ ಯಾರು ಯಾರಿಗೆ ವೈರಿ?

ಇವುಗಳಿಗೆ ವಿಜ್ಞಾನಿಗಳಿಟ್ಟ ಹೆಸರು ‘ವೈರೊಫೇಜ್’. ಅದನ್ನು ‘ವೈರಾಣುಭಕ್ಷಕ’ ಎಂದು ಕನ್ನಡಿಸುವುದು ಸುಲಭ, ಆದರೆ ಇವು ಯಾವುದನ್ನೂ ಭಕ್ಷಿಸುವುದಿಲ್ಲ. ಆ ಹೆಸರಿಗೆ ವಿಜ್ಞಾನಿಗಳಲ್ಲೇ ತಕರಾರಿದೆ. ಮೊದಲಿನಿಂದ ಇದ್ದ ‘ಉಪಗ್ರಹ ವೈರಸ್’ ಸಾಕೆನ್ನುವವರಿದ್ದಾರೆ. ನನ್ನ ಒಲವು ನಮ್ಮ ಹೊಲಗಳ ಮಾತಿನ ಕಡೆಗೆ. ಹೆಸರುಕಾಳು, ಉದ್ದಿನ ಬೆಳೆಯ ಎಲೆ ಹಳದಿಗಟ್ಟಿದರೆ ರೈತರು, ಕೃಷಿ ಅಧಿಕಾರಿಗಳು ‘ಹಳದಿ ನಂಜು ರೋಗ’ ಎನ್ನುತ್ತಾರೆ. ವೈರಸ್ ತರುವ ಎಷ್ಟೋ ಬೆಳೆರೋಗಗಳಿಗೆ ಅಲ್ಲಿ ನಂಜೇ ಹೆಸರು. ಲ್ಯಾಟಿನ್ನಿನಲ್ಲಿ ‘ವೈರಸ್’ ಎಂದರೂ ವಿಷವೇ. ನಮ್ಮ ‘ವಿಷ’ಕ್ಕೂ ಅದಕ್ಕೂ ಮೂಲ ಒಂದೇ. ನಂಜಿಗೆ ಗಾತ್ರದ ಹಂಗಿಲ್ಲ, ಹಗೆತನದ ಹಂಗೂ ಇಲ್ಲ. ದೈತ್ಯ ವೈರಾಣುವಿಗೆ ಸ್ಪುಟ್ನಿಕ್ ತಗುಲಿದ್ದನ್ನು ‘ನಂಜಿಗೆ ನಂಜೇರಿತು’ ಎಂದರೆ ಉದ್ದು ಬೆಳೆದವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.