ಲಿಬರೇಟರ್‌ಗೆ ಯಾವ ಬಣ್ಣ ಬಳಿಯಬೇಕು?

ಚಿಕ್ಕಬಳ್ಳಾಪುರದಲ್ಲಿ ಬೆಂಗಳೂರಿನ ಬಸ್ಸು ಹತ್ತಿದರೆ ದಾರಿಯಲ್ಲಿ ಒಂದಾದ ಮೇಲೊಂದು ಮೂರು ವಿಮಾನ ನೆಲೆಗಳು ಸಿಗುತ್ತವೆ. ಮೊದಲು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ಆಮೇಲೆ ಯಲಹಂಕದ ವಾಯುಪಡೆ ನೆಲೆ, ಅದರಾಚೆ ಜಕ್ಕೂರಿನ ವೈಮಾನಿಕ ತರಬೇತಿ ಶಾಲೆ. ಗೌರಿಬಿದನೂರಿನವರು ದೊಡ್ಡಬಳ್ಳಾಪುರದ ಮೇಲೆ ಬಂದರೂ ಯಲಹಂಕ ತಪ್ಪದು. 1996ರಲ್ಲಿ ಅಲ್ಲಿ ಏರೋ ಇಂಡಿಯಾ ಪ್ರದರ್ಶನ ಶುರುವಾದ ಮೇಲಂತೂ ಶಿಡ್ಲಘಟ್ಟ, ಚಿಂತಾಮಣಿಯ ಹುಡುಗರೂ ಆ ದಿನಗಳಲ್ಲಿ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಮರಳಿ ಬಂದವರಲ್ಲಿ ಒಬ್ಬಿಬ್ಬರಾದರೂ ರಟ್ಟು, ಥರ್ಮೋಕೋಲ್ ಹಿಡಿದು ವಿಮಾನ ಮಾಡಲು ಕೂರುತ್ತಾರೆ. ರೆಕ್ಕೆ ಕೂಡುತ್ತದೆ, ಬಾಲ ನಿಲ್ಲುತ್ತದೆ, ಕೊನೆಗೆ ಬಣ್ಣದ ಸರದಿ. ಮನೆಯ ಗೇಟಿಗೆ ಹೊಡೆದು ಉಳಿದ ಸಿಲ್ವರ್ ಪೇಂಟ್ ಡಬ್ಬಿ ಮೂಲೆಯಲ್ಲಿ ಇದ್ದೇ ಇರುತ್ತದೆ. ವಿಮಾನವೆಂದರೆ ಬೆಳ್ಳಿ ಬಣ್ಣ!

ಆದರೆ ಹುಡುಗ ಯಲಹಂಕದಲ್ಲಿ ಕಂಡು ಬಂದ ತೇಜಸ್ ಬೂದು ಬಣ್ಣದ್ದು. ಹಾಗಾದರೆ ಬೆಳ್ಳಿ ಬಣ್ಣ ತಪ್ಪೇ? ತಪ್ಪೆನ್ನಲಾಗದು. ಅದು ಅವನ ಅಜ್ಜನ ಕಾಲದ ಸರಿ ಉತ್ತರ. ಮಾದರಿ ವಿಮಾನಕ್ಕೆ ಬಣ್ಣ ಆರಿಸುವವನು ‘ಯಾವ ವಿಮಾನ’ ಎಂದು ಕೇಳಿಕೊಂಡರೆ ಸಾಲದು, ‘ಯಾವ ವರ್ಷದ ವಿಮಾನ, ಯಾರ ಕೈಯಲ್ಲಿದ್ದದ್ದು’ ಎಂದೂ ಕೇಳಬೇಕು. ಬೆಂಗಳೂರಿನಲ್ಲಿ ಮರುಜನ್ಮ ಪಡೆದ ಲಿಬರೇಟರ್ ವಿಮಾನಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಆ ಕಥೆಯ ಮೊದಲ ಎಳೆ ನಮ್ಮ ಮುದ್ದೇನಹಳ್ಳಿಯವರೆಗೆ ಬರುತ್ತದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದೇಶದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು ಓಡಾಡಿದಾಗ ಅವರ ಜೊತೆ ನಿಂತ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಆ ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಬರಲಿಲ್ಲ. ಆದರೆ ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಇಂದಿನ ಎಚ್‌ಎಎಲ್‌ನ ಮೂಲ ಅದು. ಎರಡನೇ ಮಹಾಯುದ್ಧ ಬಿಸಿಯೇರಿದಾಗ ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಯಿತು, ವಿಮಾನ ಕಟ್ಟುವುದಕ್ಕಿಂತ ದುರಸ್ತಿಯೇ ದೊಡ್ಡ ಕೆಲಸವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗಾಗಿ ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಈಗಿನ ಬೆಳ್ಳಂದೂರು ಕೆರೆ ನೋಡಿದವರು ನಂಬುವುದು ಕಷ್ಟ.

ಯುದ್ಧ ಮುಗಿಯಿತು. ಬ್ರಿಟಿಷರು ಅಮೆರಿಕದಿಂದ ಎರವಲು ತಂದಿದ್ದ ನಾಲ್ಕು ಎಂಜಿನ್ನುಗಳ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆಂದೂ ಹಾರಬಾರದೆಂದು ಹಾನಿ ಮಾಡಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ಹಣ ಸಾಲದು. ಎಚ್‌ಎಎಲ್‌ನ ತಂತ್ರಜ್ಞರು ಆ ಗುಜರಿಯಲ್ಲೇ ಆಯ್ದು, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರುವಂತೆ ಮಾಡಿದರು. ಕಂಪನಿಯ ಪೈಲಟ್ ಜಿಮ್ಮಿ ಮುನ್ಶಿ ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ಸುಮಾರು ನಲವತ್ತು ಲಿಬರೇಟರ್‌ಗಳು ವಾಯುಪಡೆಗೆ ಸೇರಿದವು. ಮೊದಲ ತಂಡ 1948ರ ನವೆಂಬರ್‌ನಲ್ಲಿ ಹೋಯಿತು, ಕೊನೆಯವು 1968ರವರೆಗೆ ಹಾರಿದವು. ಬೇರೆ ದೇಶಗಳು ಅಷ್ಟರಲ್ಲಿ ತಮ್ಮ ಲಿಬರೇಟರ್‌ಗಳನ್ನು ಕರಗಿಸಿ ಪಾತ್ರೆ ಮಾಡಿಕೊಂಡಿದ್ದವು ಎಂದರೂ ಸರಿಯೇ.

ಈಗ ಬಣ್ಣಕ್ಕೆ ಬರೋಣ. ಹಳೆಯ ಚಿತ್ರಗಳಲ್ಲಿ ಭಾರತದ ಲಿಬರೇಟರ್‌ಗಳ ಮೈ ಬಹುಮಟ್ಟಿಗೆ ಬಣ್ಣವಿಲ್ಲದ ಬರಿ ಲೋಹ. ಗೇಟಿನ ಸಿಲ್ವರ್ ಪೇಂಟ್ ಇಲ್ಲಿ ಗೆದ್ದಂತಾಯಿತು. ಆದರೆ ರೆಕ್ಕೆಯ ಮೇಲಿನ ವೃತ್ತ? ಮಾದರಿ ಮಾಡುವವನ ಪರೀಕ್ಷೆ ನಡೆಯುವುದೇ ಅಲ್ಲಿ. ಬ್ರಿಟಿಷರ ಕಾಲದಲ್ಲಿ ನಮ್ಮ ವಾಯುಪಡೆಗೂ ಅವರದೇ ಕೆಂಪು, ಬಿಳಿ, ನೀಲಿ ಗುರುತು. ಜಪಾನಿಯರ ವಿಮಾನದ ಮೇಲೆ ಕೆಂಪು ಸೂರ್ಯ ಇರುತ್ತಿತ್ತು. ಆಕಾಶದಲ್ಲಿ ಕೆಂಪು ಚುಕ್ಕೆ ಕಂಡರೆ ಸಾಕು, ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸುವ ಭಯ. ಅದಕ್ಕಾಗಿ 1942ರಿಂದ ಈ ಭಾಗದ ಯುದ್ಧರಂಗದಲ್ಲಿ ಕೆಂಪನ್ನೇ ಅಳಿಸಿ, ಕಡುನೀಲಿಯ ನಡುವೆ ತಿಳಿನೀಲಿಯ ವೃತ್ತ ಬರೆದರು. ಸ್ವಾತಂತ್ರ್ಯದ ನಂತರ ಬಿಳಿಯ ಮೇಲೆ ನೀಲಿಯ ಅಶೋಕ ಚಕ್ರ ಬಂತು. ಅದೂ ಹೆಚ್ಚು ಕಾಲ ಉಳಿಯಲಿಲ್ಲ. 1950ರಲ್ಲಿ ಈಗಿನ ಗುರುತು ಬಂತು: ಹೊರಗೆ ಕೇಸರಿ, ಅದರೊಳಗೆ ಬಿಳಿ, ನಡುವೆ ಹಸಿರು. ಎಷ್ಟೋ ಮಕ್ಕಳು ಹಸಿರನ್ನು ಹೊರಗೆ ಬರೆಯುತ್ತಾರೆ, ದೊಡ್ಡವರೂ ತಪ್ಪುತ್ತಾರೆ. ಅಂತೂ 1949ರ ಲಿಬರೇಟರ್ ಮಾಡುವವನು ಚಕ್ರ ಬರೆಯಬೇಕು, 1955ರದಾದರೆ ತ್ರಿವರ್ಣ. ಅದೇ ವಿಮಾನ, ಅದೇ ಲೋಹ, ಗುರುತು ಬೇರೆ.

ಹಳೆಯ ಫೋಟೋ ನೋಡಿ ಬರೆಯೋಣವೆಂದರೆ ಅದರಲ್ಲೂ ಮೋಸವಿದೆ. ಕಪ್ಪು ಬಿಳುಪು ಚಿತ್ರದಲ್ಲಿ ಕೇಸರಿ, ಹಸಿರು ಎರಡೂ ಬೂದು. ಆ ಕಾಲದ ಕೆಲವು ಬಗೆಯ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಅಂಥ ಫಿಲ್ಮಿನಲ್ಲಿ ಕೆಂಪು, ಕೇಸರಿ ಕಪ್ಪಿಗೆ ತಿರುಗಿ, ನೀಲಿ ಬೆಳ್ಳಗೆ ಕಾಣುತ್ತದೆ. ಬಣ್ಣದ ಫೋಟೋ ಆದರೂ ಪೂರ್ತಿ ನಂಬುವಂತಿಲ್ಲ. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ಕಿರಣ್ ವಿಮಾನಗಳನ್ನು ಕಣ್ಣಾರೆ ಕಂಡವರಿಗೆ ಆ ಕಿತ್ತಳೆ ಬಣ್ಣದ ಉರಿ ಗೊತ್ತು. ಅದು ಬೆಳಕನ್ನು ಹಿಂದಿರುಗಿಸುವುದಷ್ಟೇ ಅಲ್ಲ, ಕಣ್ಣಿಗೆ ಕಾಣದ ಕಿರಣವನ್ನು ಹೀರಿ ಕಿತ್ತಳೆಯಾಗಿ ಹೊರಸೂಸುವ ಬಣ್ಣ. ಪತ್ರಿಕೆಯಲ್ಲಿ ಅಚ್ಚಾದರೆ ಸಪ್ಪೆ. ತಂಡ ಈಗ ಹಾರಿಸುವುದು ಕೆಂಪು ಬಿಳಿಯ ಹಾಕ್ ವಿಮಾನಗಳನ್ನು.

ಇನ್ನು ಯುದ್ಧ ಬಂತೆಂದರೆ ಪುಸ್ತಕದಲ್ಲಿರುವ ನಿಯಮವೇ ಬದಲಾಗುತ್ತದೆ. 1971ರಲ್ಲಿ ನಮ್ಮ ಮಿಗ್-21ಗಳು ಬರಿ ಲೋಹದ ಮೈಯಲ್ಲಿ ಥಳಥಳಿಸುತ್ತಿದ್ದವು. ನೆಲದ ಮೇಲೆ ನಿಂತಾಗ ಮೇಲಿನಿಂದ ಬರುವ ಶತ್ರುವಿಗೆ ಕನ್ನಡಿ ಹಿಡಿದಂತೆ. ಯುದ್ಧ ಸಮೀಪಿಸಿದಾಗ ಒಂದೊಂದು ಸ್ಕ್ವಾಡ್ರನ್ ತನಗೆ ಸಿಕ್ಕ ಬಣ್ಣವನ್ನು ತನಗೆ ತೋಚಿದಂತೆ ಬಳಿದುಕೊಂಡಿತು. ಒಂದರ ಮೇಲೆ ಹಸಿರು ಪಟ್ಟೆ, ಇನ್ನೊಂದರ ಮೇಲೆ ಮಚ್ಚೆ. ಎರಡು ವಿಮಾನ ಒಂದೇ ತರಹ ಇದ್ದರೆ ಅದೇ ಆಶ್ಚರ್ಯ. ಅಂಥ ಮಿಗ್ ಮಾಡುವಾಗ ಬ್ರಷ್ಷಿನ ಗೆರೆ ಎದ್ದು ಕಂಡರೆ ದೋಷವಲ್ಲ, ಇತಿಹಾಸ!

ಬಣ್ಣ ಯಾವುದೆಂದು ತಿಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಟ್ಯೂಬ್‌ಲೈಟ್ ನಂಬದೆ ಸೀರೆಯ ಸೆರಗನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿಯುವುದನ್ನು ನೋಡಿದ್ದೀರಿ. ಮಾದರಿಯ ಬಣ್ಣವನ್ನೂ ಹಾಗೆ ಹಗಲು ಬೆಳಕಿನಲ್ಲೇ ಬೆರೆಸಬೇಕು. ಜೊತೆಗೆ ದೂರದ ಲೆಕ್ಕವೂ ಇದೆ. ಲಿಬರೇಟರ್‌ನ ರೆಕ್ಕೆ ಆ ತುದಿಯಿಂದ ಈ ತುದಿಗೆ ಸುಮಾರು 33.5 ಮೀಟರ್. 72ರಲ್ಲಿ ಒಂದು ಪಾಲಿಗೆ ಇಳಿಸಿದರೆ 46 ಸೆಂ.ಮೀ.ಗೆ ತುಸು ಹೆಚ್ಚು. ಮೇಜಿನ ಮೇಲಿನ ಈ ಮಾದರಿಯನ್ನು ಎರಡು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ನಲವತ್ತಕ್ಕೂ ಹೆಚ್ಚು ಮೀಟರ್ ದೂರದಿಂದ ನೋಡಿದಂತೆ. ನಂದಿ ಬೆಟ್ಟದ ಮೇಲೆ ನಿಂತವರಿಗೆ ಗೊತ್ತು, ಹತ್ತಿರದ ಮರ ಕಡುಹಸಿರು, ದೂರದ ಗುಡ್ಡ ಮಂಜು ಹಿಡಿದ ನೀಲಿ. ನಡುವಿನ ಗಾಳಿ, ಧೂಳು ಬಣ್ಣವನ್ನು ತಿಳಿ ಮಾಡುತ್ತವೆ. ಆದ್ದರಿಂದ ಅನುಭವಿಗಳು ಕಾರ್ಖಾನೆಯ ಬಣ್ಣಕ್ಕೆ ಸ್ವಲ್ಪ ಬಿಳಿ ಸೇರಿಸುತ್ತಾರೆ. ಎಷ್ಟು ಸೇರಿಸಬೇಕೆಂಬ ಬಗ್ಗೆ ಅವರಲ್ಲೇ ಜಗಳವಿದೆ. ನನ್ನ ಮಟ್ಟಿಗೆ ಕಣ್ಣು ಒಪ್ಪುವಷ್ಟು ಸಾಕು. ಚಿಂತಾಮಣಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಲಾಯತಿ ಹಂಬ್ರೋಲ್ ಡಬ್ಬಿ ಸಿಕ್ಕೀತೆಂದು ಕಾಯಬೇಕಾಗಿಲ್ಲ, ಸಾಧಾರಣ ಎನಾಮಲ್‌ನಲ್ಲೂ ಇದನ್ನೆಲ್ಲ ಸಾಧಿಸಬಹುದು.

ಲಿಬರೇಟರ್‌ಗಳು ಕೊನೆಗೆ ಏನಾದವು? ಜಗತ್ತಿನಲ್ಲಿ ಈ ಜಾತಿಯ ವಿಮಾನ ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾಗಿ, ಉಳಿದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಭಾರತದಿಂದ ಹೋದವು. ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳಿಗೆ ನಾವು ಕೊಟ್ಟಿದ್ದೇವೆ, ದೆಹಲಿಯ ಪಾಲಂನಲ್ಲಿ ಒಂದನ್ನು ಉಳಿಸಿಕೊಂಡಿದ್ದೇವೆ. 1944ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ತಯಾರಾಗಿ, ಕಾನ್ಪುರದ ಗುಜರಿಯಿಂದ ಎದ್ದು, ಇಪ್ಪತ್ತು ವರ್ಷ ಭಾರತಕ್ಕಾಗಿ ಹಾರಿದ ಒಂದು ಲಿಬರೇಟರ್ 1980ರ ದಶಕದಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಪಾಲಾಯಿತು. 1989ರಲ್ಲಿ ಅದು ಮತ್ತೆ ಹಾರಿದಾಗ ಮೈಮೇಲೆ ‘ಆಲ್ ಅಮೆರಿಕನ್’ ಎಂಬ ಹೆಸರು. 1998ರಲ್ಲಿ ಅದನ್ನು ಅಳಿಸಿ, ಮೂತಿಯಿಂದ ಉದ್ದಕ್ಕೂ ಡ್ರ್ಯಾಗನ್ ಬರೆದರು. 2005ರಲ್ಲಿ ಡ್ರ್ಯಾಗನ್ ಹೋಗಿ ಹಸಿರುಗಂದು ಬಣ್ಣದ ‘ವಿಚ್‌ಕ್ರಾಫ್ಟ್’ ಬಂತು. ಮೂರೂ ಅಮೆರಿಕದ ಬೇರೆ ಬೇರೆ ಲಿಬರೇಟರ್‌ಗಳ ನೆನಪಿಗೆ ಬಳಿದ ವೇಷ. ಅವರ ಸೈನಿಕರ ನೆನಪು ಅವರಿಗೆ ದೊಡ್ಡದು, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಈ ವಿಮಾನ ಅತಿ ಹೆಚ್ಚು ಕಾಲ ಸೇವೆ ಮಾಡಿದ್ದು ನಮ್ಮ ಕೇಸರಿ, ಬಿಳಿ, ಹಸಿರು ವೃತ್ತದ ಅಡಿಯಲ್ಲಿ. ಆ ಮೂರು ವೇಷಗಳಲ್ಲಿ ಅದರ ಸುಳಿವಿಲ್ಲ.

ಅಂಗಡಿಯಲ್ಲಿ ಸಿಗುವ ಲಿಬರೇಟರ್ ಕಿಟ್ ತೆರೆದರೆ ಒಳಗಿನ ಅಂಟುಚಿತ್ರಗಳೂ ಸಾಮಾನ್ಯವಾಗಿ ಅಮೆರಿಕದವು, ಇಲ್ಲವೇ ಬ್ರಿಟನ್ನಿನವು. ಬೆಂಗಳೂರಿನಿಂದ ಹೊರಟ ಲಿಬರೇಟರ್ ಬೇಕೆಂದರೆ ಅವನ್ನು ಬದಿಗಿಟ್ಟು ಕಂಪಾಸು ಹಿಡಿಯಬೇಕು. ಬೆಳ್ಳಿ ಮೈ ಒಣಗಿದ ಮೇಲೆ, ರೆಕ್ಕೆಗೆ ಮೊದಲು ಕೇಸರಿಯ ದೊಡ್ಡ ವೃತ್ತ, ಅದು ಒಣಗಿದ ಮೇಲೆ ಬಿಳಿ, ಕೊನೆಗೆ ನಡುವಿನ ಹಸಿರು.