ಬಣ್ಣ ಕಾಣದ ಕಡೆ ಗೆರೆ: ಪ್ಯಾಟರ್ನ್ ಫಿಲ್ ಬಂದ ದಾರಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ. ವಿಷಯ ತುಂಬಾ ಚಿಕ್ಕದು. ಎಕ್ಸೆಲ್‌ನಲ್ಲೋ ಪವರ್‌ಪಾಯಿಂಟ್‌ನಲ್ಲೋ ಒಂದು ಆಕಾರ ಬರೆದು, ಅದರೊಳಗೆ ಬಣ್ಣದ ಬದಲು ಓರೆಗೆರೆ, ಚುಕ್ಕಿ, ಇಟ್ಟಿಗೆ ಗೋಡೆ ಇಂಥದ್ದನ್ನು ತುಂಬಿಸೋ ಆಯ್ಕೆ ಇದೆಯಲ್ಲ, ಪ್ಯಾಟರ್ನ್ ಫಿಲ್ ಅಂತ? ನಮ್ಮಲ್ಲಿ ಬಹಳ ಜನ ಅದನ್ನು ಒಂದು ಸಲವೂ ಮುಟ್ಟಿರಲ್ಲ. ನಾನೂ ಮುಟ್ಟಿರಲಿಲ್ಲ, ಒಂದು ರಾತ್ರಿ ಎರಡು ಗಂಟೆಗೆ ತಪ್ಪು ಕ್ಲಸ್ಟರ್ ರೀಸ್ಟಾರ್ಟ್ ಮಾಡೋವರೆಗೆ.

ನನಗೆ ಕೆಂಪು, ಹಸಿರು ಸರಿಯಾಗಿ ಬೇರೆಬೇರೆ ಕಾಣಲ್ಲ. ಚಿಕ್ಕವನಿದ್ದಾಗ ಧಾರವಾಡದಲ್ಲಿ ಅವ್ವ ಕಸೂತಿ ಹಾಕ್ತಾ ಕೂತಿರೋಳು. ಒಳಗಿಂದ ದಾರದ ಉಂಡೆ ತಾ ಅನ್ನೋಳು. "ಏ ತಮ್ಮಾ, ಹಸಿರು ತಾ ಅಂದ್ರ ಇದೇನ್ ತಂದೀಯೋ?" ಅಂತ ಬೈಸಿಕೊಂಡಿದ್ದು ಎಷ್ಟು ಸಲವೋ. ನಾನು ಲಕ್ಷ್ಯ ಕೊಡಲ್ಲ ಅಂತ ಅವಳು ತಿಳಿದಿದ್ದಳು, ನಾನೂ ಹಾಗೇ ತಿಳಿದಿದ್ದೆ. ಕಾಲೇಜಿಗೆ ಬಂದ ಮೇಲೆ ಕಣ್ಣಿನ ಪರೀಕ್ಷೆಯಲ್ಲಿ ನಿಜ ಗೊತ್ತಾಯ್ತು. ಆಮೇಲೆ ಎಂಟೆಕ್ ಆಯ್ತು, ಪುಣೆಗೆ ಬಂದೆ, ಕೆಲಸಕ್ಕೆ ಸೇರಿದೆ. ಆಫೀಸಲ್ಲಿ ಯಾರಿಗೂ ಹೇಳಲಿಲ್ಲ.

ಆವತ್ತು ಆನ್-ಕಾಲ್ ಡ್ಯೂಟಿ ನಂದು. ಡ್ಯಾಶ್‌ಬೋರ್ಡ್‌ನಲ್ಲಿ ಅಕ್ಕಪಕ್ಕ ಎರಡು ಕಂಬ, ಒಂದು ಕೆಂಪು, ಒಂದು ಹಸಿರು. ನನ್ನ ಕಣ್ಣಿಗೆ ಎರಡೂ ಒಂದೇ ಥರದ ಕಂದು. ನಿದ್ದೆಗಣ್ಣಲ್ಲಿ ಅಂದಾಜಿನ ಮೇಲೆ ಒಂದನ್ನು ರೀಸ್ಟಾರ್ಟ್ ಮಾಡಿದೆ. ಚೆನ್ನಾಗಿ ಓಡ್ತಾ ಇದ್ದಿದ್ದೇ ಅದು. 40 ನಿಮಿಷ ಸರ್ವಿಸ್ ಪೂರ್ತಿ ನಿಂತಿತು. ಮರುದಿನ ಮೀಟಿಂಗ್‌ನಲ್ಲಿ "ಅಷ್ಟು ದೊಡ್ಡದಾಗಿ ಕೆಂಪು ಕಾಣ್ತಿತ್ತಲ್ಲ, ಹೇಗೆ ತಪ್ಪಿತು?" ಅಂತ ಕೇಳಿದಾಗ, ಬಾಯಿಬಿಟ್ಟು ಹೇಳಲೇಬೇಕಾಯ್ತು. ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಿಮಗೆ ಆನ್-ಕಾಲ್ ಕೊಡಬಹುದಾ?" ಅದಕ್ಕೆ ಉತ್ತರ ಹುಡುಕ್ತಾ ಹೋದವನಿಗೆ ಈ ಚರಿತ್ರೆ ಸಿಕ್ಕಿತು.

ಬಣ್ಣ ಬಳಸೋಕಾಗದಾಗ ಬಣ್ಣದ ಮಾತನ್ನು ಹೇಗೆ ಹೇಳೋದು? ಈ ಪ್ರಶ್ನೆ ಕಂಪ್ಯೂಟರ್‌ಗಿಂತ ಬಹಳ ಹಳೆಯದು. ಯುರೋಪಿನ ರಾಜಮನೆತನಗಳಿಗೆ ತಮ್ಮ ತಮ್ಮ ಲಾಂಛನ ಇದ್ದವು. ಗುರಾಣಿಯ ಮೇಲೆ ಕೆಂಪಿದ್ದರೆ ಒಂದು ಮನೆತನ, ನೀಲಿ ಇದ್ದರೆ ಇನ್ನೊಂದು. ಆದರೆ ಪುಸ್ತಕದ ಚಿತ್ರಗಳನ್ನು ಅಚ್ಚು ಹಾಕ್ತಿದ್ದದ್ದು ತಾಮ್ರದ ತಗಡಿನಿಂದ, ಬರೀ ಕಪ್ಪು ಶಾಯಿಯಲ್ಲಿ. ಇಟಲಿಯ ಜೆಸ್ಯೂಟ್ ಪಾದ್ರಿ ಪೆತ್ರಾ ಸಾಂಕ್ತಾ 1638ರಲ್ಲಿ ತಂದ ಪುಸ್ತಕದಲ್ಲಿ ಒಂದು ಪದ್ಧತಿ ಬಳಸಿದರು. ಕೆಂಪಿಗೆ ನೆಟ್ಟನೆ ಗೆರೆ, ನೀಲಿಗೆ ಅಡ್ಡ ಗೆರೆ, ಹಸಿರಿಗೆ ಓರೆಗೆರೆ, ಚಿನ್ನಕ್ಕೆ ಚುಕ್ಕಿ, ಕಪ್ಪಿಗೆ ಅಡ್ಡ ಮತ್ತು ನೆಟ್ಟನೆ ಗೆರೆಗಳ ಬಲೆ, ಬೆಳ್ಳಿಗೆ ಖಾಲಿ ಜಾಗ. ಇಂಥ ಪ್ರಯತ್ನಗಳು ಅವರಿಗಿಂತ ಮುಂಚೆಯೂ ನಡೆದಿದ್ದವು, ಆದರೆ ಉಳಿದುಕೊಂಡಿದ್ದು ಇದು. ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಾಲ್ಕು ನೂರು ವರ್ಷ ಆಗ್ತಾ ಬಂದಿರೋ ಈ ಪುಸ್ತಕದಲ್ಲಿ ಕೆಂಪಿಗೂ ಹಸಿರಿಗೂ ಇರೋ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಾಣುತ್ತೆ, ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಕಾಣಲ್ಲ!

ಈ ಪದ್ಧತಿಯಲ್ಲಿ ಒಂದೊಂದು ಗೆರೆಯನ್ನೂ ಕೈಯಲ್ಲೇ ಕೊರೀಬೇಕಿತ್ತು. ಆ ಶ್ರಮ ಕಡಿಮೆ ಮಾಡಿದ್ದು ಅಮೆರಿಕದ ಬೆಂಜಮಿನ್ ಡೇ, 1879ರಲ್ಲಿ. ಉಬ್ಬು ಚುಕ್ಕಿಗಳಿರೋ ಹಾಳೆಗೆ ಶಾಯಿ ಬಳಿದು, ಚಿತ್ರದಲ್ಲಿ ಬೇಕಾದ ಜಾಗಕ್ಕೆ ಮಾತ್ರ ಒತ್ತೋದು. ಹಳೆಯ ಅಮೆರಿಕನ್ ಕಾಮಿಕ್ಸ್‌ನಲ್ಲಿ ಕಾಣೋ ಚುಕ್ಕಿಗಳಿಗೆ ಇವರ ಹೆಸರೇ ನಿಂತಿದೆ, ಬೆನ್-ಡೇ ಚುಕ್ಕಿ ಅಂತ. ಆಮೇಲೆ ಅಂಟಿನ ಹಾಳೆಗಳು ಬಂದವು. ಚುಕ್ಕಿ ಅಥವಾ ಗೆರೆ ಮೊದಲೇ ಅಚ್ಚಾಗಿರೋ ತೆಳು ಹಾಳೆಯನ್ನು ಚಿತ್ರದ ಮೇಲೆ ಹರಡಿ, ಆಕಾರದ ಅಂಚಿಗೆ ಬ್ಲೇಡಿನಿಂದ ಕತ್ತರಿಸಿ, ಉಳಿದದ್ದನ್ನು ಕಿತ್ತು ತೆಗೆಯೋದು. ಇಲ್ಲಿ ಒಂದು ವಿಷಯ ಗಮನಿಸಿ: ಮಾದರಿ ಇರೋದು ಹಾಳೆಯಲ್ಲಿ, ಆಕಾರ ಅದನ್ನು ಕತ್ತರಿಸುತ್ತೆ ಅಷ್ಟೆ. ಈ ಮಾತು ಮತ್ತೆ ಬರುತ್ತೆ.

ಈಗ 1984ರ ಜನವರಿಗೆ ಬನ್ನಿ. ಮೊದಲ ಮ್ಯಾಕಿಂತೋಷ್‌ಗೆ ಇದ್ದದ್ದು 128 ಕೆಬಿ ಮೆಮೊರಿ. ಸ್ಕ್ರೀನ್ 512 ಅಡ್ಡ, 342 ಉದ್ದ, ಒಟ್ಟು 1,75,104 ಚುಕ್ಕಿ. ಒಂದು ಚುಕ್ಕಿಗೆ ಒಂದೇ ಬಿಟ್, ಕಪ್ಪು ಇಲ್ಲವೇ ಬಿಳಿ. ಆದ್ರೂ ಸ್ಕ್ರೀನಿಗೇ 21 ಕೆಬಿಗಿಂತ ಜಾಸ್ತಿ ಬೇಕು. ಬೂದು ಬಣ್ಣ ಅನ್ನೋದೇ ಇರಲಿಲ್ಲ. ಆದರೆ ಆ ಮಷೀನಿನ ಡೆಸ್ಕ್‌ಟಾಪ್ ನೋಡಿದವರಿಗೆ ಕಂಡಿದ್ದು ಬೂದೇ. ಒಂದು ಬಿಟ್ಟು ಒಂದು ಕಪ್ಪು, ಬಿಳಿ ಚುಕ್ಕಿ ಇಟ್ಟರೆ ದೂರದಿಂದ ಕಣ್ಣು ಅವನ್ನು ಕಲಸಿಕೊಳ್ಳುತ್ತೆ. ಇಡೀ ಮಾದರಿ 8×8 ಮನೆ, 64 ಬಿಟ್, ಅಂದ್ರೆ 8 ಬೈಟ್ ಅಷ್ಟೆ. ಬೂದಿಗೆ ಒಂದು ಸಾಲು 170, ಮುಂದಿನ ಸಾಲು 85, ಮತ್ತೆ 170, ಮತ್ತೆ 85. ಬೈನರಿಯಲ್ಲಿ ಬರೆದು ನೋಡಿ, ಗೊತ್ತಾಗುತ್ತೆ.

ಇದನ್ನು ಬರೆದವರು ಬಿಲ್ ಅಟ್ಕಿನ್ಸನ್. ಕ್ವಿಕ್‌ಡ್ರಾ ಅನ್ನೋ ಗ್ರಾಫಿಕ್ಸ್ ಕೋಡ್ ಅವರದ್ದು, ಅದರ ಮೇಲೆ ನಿಂತ ಮ್ಯಾಕ್‌ಪೇಂಟ್ ಕೂಡ ಅವರದ್ದೇ. ಮ್ಯಾಕ್‌ಪೇಂಟ್‌ನ ಕೆಳಗಡೆ 38 ಮಾದರಿಗಳ ಪಟ್ಟಿ ಇತ್ತು: ಗೆರೆ, ಚುಕ್ಕಿ, ಇಟ್ಟಿಗೆ, ಹೆಂಚು. ಪ್ರತಿ ಫೈಲಿನ ತಲೆಯಲ್ಲಿ ಆ 38ಕ್ಕೂ ಜಾಗ, ಒಟ್ಟು 304 ಬೈಟ್. ಈವತ್ತು ನಾವು ಕಳಿಸೋ ಒಂದು ಇಮೋಜಿ ಚಿತ್ರಕ್ಕೂ ಇಷ್ಟು ಸಾಲಲ್ಲ. ಆ ಮ್ಯಾಕ್‌ನ ಐಕಾನ್, ಅಕ್ಷರಗಳನ್ನು ಮಾಡಿದ ಸೂಸನ್ ಕೇರ್ ಕಲೆ ಓದಿದವರು. ಬಿಟ್‌ಮ್ಯಾಪ್ ಕೆಲಸ ಮೊಸಾಯಿಕ್ ಮತ್ತು ಸೂಜಿ ಕಸೂತಿಯ ಹಾಗೇ, ಅದನ್ನೆಲ್ಲ ಮೊದಲೇ ಮಾಡಿದ್ದೆ ಅಂತ ಅವರು ಹೇಳಿಕೊಂಡಿದ್ದಾರೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳಲ್ಲ, ಎಳೆ ಎಣಿಸಿ ಸೂಜಿ ಹಾಕ್ತಾರೆ ಅಂತ ಗೊತ್ತಿರೋರಿಗೆ ಈ ಮಾತಲ್ಲಿ ಆಶ್ಚರ್ಯ ಇಲ್ಲ.

ಅಟ್ಕಿನ್ಸನ್ ಮಾಡಿದ ಒಂದು ತೀರ್ಮಾನವನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ಮಾದರಿ ಎಲ್ಲಿಂದ ಶುರುವಾಗಬೇಕು? ಆಕಾರದ ಮೂಲೆಯಿಂದಲೋ, ಕ್ಯಾನ್ವಾಸಿನ ಮೂಲೆಯಿಂದಲೋ? ಚೆಕ್ಸ್ ಶರ್ಟ್ ಹೊಲಿಸಿದವರಿಗೆ ಇದು ಗೊತ್ತಿರುತ್ತೆ. ಅವಸರದ ಟೈಲರ್ ಜೇಬಿನ ಬಟ್ಟೆಯನ್ನು ಎಲ್ಲಿಂದಲೋ ಕತ್ತರಿಸಿ ಹೊಲೀತಾನೆ, ಜೇಬಿನ ಚೌಕ ಒಂದು ಕಡೆ, ಶರ್ಟಿನ ಚೌಕ ಇನ್ನೊಂದು ಕಡೆ. ಒಳ್ಳೆ ಟೈಲರ್ ಗೆರೆಗೆ ಗೆರೆ ಕೂಡಿಸ್ತಾನೆ, ಜೇಬು ಎಲ್ಲಿದೆ ಅಂತ ಹುಡುಕಬೇಕು. ಕ್ವಿಕ್‌ಡ್ರಾ ಒಳ್ಳೆ ಟೈಲರ್. ಅದರಲ್ಲಿ ಮಾದರಿ ಕ್ಯಾನ್ವಾಸಿಗೆ ಅಂಟಿಕೊಂಡಿರುತ್ತೆ. ಯಾವ ಸಾಲು ಅನ್ನೋದನ್ನು 8ರಿಂದ ಭಾಗಿಸಿ, ಉಳಿದ ಶೇಷ ಎಷ್ಟೋ ಮಾದರಿಯ ಅಷ್ಟನೇ ಸಾಲು ತಗೊಂಡರಾಯ್ತು. ಅಕ್ಕಪಕ್ಕದ ಎರಡು ಆಕಾರಗಳನ್ನು ಬೇರೆಬೇರೆ ಹೊತ್ತಿಗೆ ತುಂಬಿಸಿದರೂ ನಡುವೆ ಹೊಲಿಗೆ ಕಾಣಲ್ಲ. ಅಂಟಿನ ಹಾಳೆ ಮಾಡ್ತಿದ್ದದ್ದೂ ಇದನ್ನೇ.

ಆಮೇಲೆ ಬಣ್ಣ ಅಗ್ಗವಾಯ್ತು. 1987ರ ಮ್ಯಾಕಿಂತೋಷ್ 2ರಲ್ಲಿ 256 ಬಣ್ಣ ಬಂದವು, ಮುಂದೆ ಲಕ್ಷಾಂತರ. ಪ್ಯಾಟರ್ನ್ ಹಳೇ ಕಾಲದ್ದು ಅನ್ನಿಸತೊಡಗಿತು. ಎಕ್ಸೆಲ್ 2007ರಲ್ಲಿ ಚಾರ್ಟ್‌ಗಳಿಗೆ ಪ್ಯಾಟರ್ನ್ ತುಂಬಿಸೋ ಆಯ್ಕೆಯನ್ನು ಮೆನುವಿನಿಂದಲೇ ತೆಗೆದುಹಾಕಿದರು. ಕಪ್ಪು-ಬಿಳುಪು ಪ್ರಿಂಟರ್‌ನಲ್ಲಿ ವರದಿ ತೆಗೆಯೋರಿಗೆ ತೊಂದರೆ ಆಯ್ತು, ನನ್ನಂಥವರಿಗೂ ಆಯ್ತು. 2010ರ ಆವೃತ್ತಿಯಲ್ಲಿ ಅದನ್ನು ವಾಪಸ್ ತರಬೇಕಾಯ್ತು. ಇದರ ಮಧ್ಯೆ, 2008ರ ಡಿಸೆಂಬರಿನಲ್ಲಿ ಬಂದ ವೆಬ್ ಪ್ರವೇಶಸಾಧ್ಯತೆಯ ನಿಯಮಾವಳಿ, ಅದೇ ಡಬ್ಲ್ಯುಸಿಎಜಿ 2.0, ಮೊದಲ ಹಂತದಲ್ಲೇ ಒಂದು ನಿಯಮ ಇಟ್ಟಿದೆ: ಯಾವುದೇ ಮಾಹಿತಿಯನ್ನು ಬರೀ ಬಣ್ಣದಿಂದ ಹೇಳಬೇಡಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8%ರಷ್ಟು ಜನಕ್ಕೆ ಕೆಂಪು-ಹಸಿರಿನ ಈ ತೊಡಕು ಇದೆ. 20 ಜನರ ಟೀಮ್ ಅಂದ್ಕೊಳ್ಳಿ, ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂತವನು ಒಬ್ಬ ಇರೋ ಸಾಧ್ಯತೆ ಸಣ್ಣದೇನಲ್ಲ.

ನಮ್ಮ ಡ್ಯಾಶ್‌ಬೋರ್ಡ್ ಎಸ್‌ವಿಜಿಯಲ್ಲಿತ್ತು. 2001ರ ಮೊದಲ ಎಸ್‌ವಿಜಿ ಮಾನದಂಡದಲ್ಲೇ ಪ್ಯಾಟರ್ನ್ ಅನ್ನೋ ಎಲಿಮೆಂಟ್ ಇದೆ. ಕೆಟ್ಟಿರೋದಕ್ಕೆ ಓರೆಗೆರೆ, ಚೆನ್ನಾಗಿರೋದು ಖಾಲಿ ಅಂತ ಒಂದು ಶನಿವಾರ ಕೂತು ಬರೆದೆ. ಮೊದಲ ಸಲ ಹಾಳಾಗಿ ಬಂತು: ಉದ್ದ ಕಂಬದಲ್ಲಿ ಗೆರೆ ದೂರ ದೂರ, ಗಿಡ್ಡ ಕಂಬದಲ್ಲಿ ಒತ್ತೊತ್ತು. ಎಸ್‌ವಿಜಿ ತಾನಾಗಿ ಮಾದರಿಯ ಅಳತೆಯನ್ನು ಆಯಾ ಆಕಾರದಿಂದ ತಗೊಳ್ಳುತ್ತೆ, ಥೇಟ್ ಆ ಅವಸರದ ಟೈಲರ್ ಹಾಗೆ. ಪ್ಯಾಟರ್ನ್‌ಯೂನಿಟ್ಸ್ ಅನ್ನೋದನ್ನು ಯೂಸರ್‌ಸ್ಪೇಸ್‌ಆನ್‌ಯೂಸ್ ಅಂತ ಬದಲಾಯಿಸಿದೆ. ಗೆರೆಗಳೆಲ್ಲ ಕಂಬದಿಂದ ಕಂಬಕ್ಕೆ ಒಂದೇ ಅಳತೆಯಲ್ಲಿ ಕೂತವು. 1984ರ ತೀರ್ಮಾನಕ್ಕೇ ನಾನೂ ಬಂದು ನಿಂತಿದ್ದೆ.

ಸೋಮವಾರ ಅದನ್ನು ತೋರಿಸಿದೆ. ಮ್ಯಾನೇಜರ್ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಲ್ಲ, ಆನ್-ಕಾಲ್ ಪಾಳಿ ನನ್ನ ಹತ್ತಿರವೇ ಉಳಿಯಿತು. ವಾರ ಕಳೆದ ಮೇಲೆ ಬೇರೆ ಟೀಮಿನ ಒಬ್ಬರು ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು ಕೂತು, "ನಂಗೂ ಹಾಗೇ ಇದೆ, ಆ ಕೋಡ್ ಕಳಿಸ್ತೀರಾ?" ಅಂದರು.

ಕೊನೆಗೆ ಒಂದು ಕೆಲಸ. ನಾಳೆ ಆಫೀಸಿಗೆ ಹೋದಾಗ ನಿಮ್ಮ ಡ್ಯಾಶ್‌ಬೋರ್ಡನ್ನೋ ಚಾರ್ಟನ್ನೋ ಕಪ್ಪು-ಬಿಳುಪಲ್ಲಿ ಒಂದು ಪ್ರಿಂಟ್ ತೆಗೆದು ನೋಡಿ. ಯಾವುದು ಕೆಟ್ಟಿದೆ, ಯಾವುದು ಚೆನ್ನಾಗಿದೆ ಅಂತ ಅದರಲ್ಲಿ ಗೊತ್ತಾಗದಿದ್ದರೆ ನಾಲ್ಕು ಗೆರೆ ಎಳೀರಿ. ಮುಂದಿನ ವಾರ ಸಿಗೋಣ.